ಮೆಷಿನ್ನಿಂದ ತೆಗೆದ ಬಟ್ಟೆ ತೊಯ್ದು ತೊಪ್ಪೆ ಯಾಕೆ?



ಈ ದಿನ ನಾವು ಮಾತಾಡೋದು ಬಟ್ಟೆ ಒಗೆಯುವ ಮೆಷಿನ್ನಿನ ಬಗ್ಗೆ. "ನಮ್ಮನೇಲಿ ಮೆಷಿನ್ನೇ ಇಲ್ಲ, ನಮಗ್ಯಾಕೆ ಈ ಮಾತು?" ಅಂತ ಕೆಲವರು ಕೇಳಬಹುದು. ಸರಿ. ಆದರೆ ನಿಮ್ಮಲ್ಲಿ ಎಷ್ಟೋ ಜನ ಕುವೆಂಪುನಗರ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ವಿಜಯನಗರದ ಮನೆಗಳಿಗೆ ಕೆಲಸಕ್ಕೆ ಹೋಗುತ್ತೀರಿ. ಆ ಮನೆಗಳಲ್ಲಿ ಮೆಷಿನ್ ಇದೆ. ಅದಕ್ಕೆ ಬಟ್ಟೆ ಹಾಕುವವರು, ತೆಗೆಯುವವರು ನೀವೇ. ಇನ್ನು ಕೆಲವರು ಕಂತಿನಲ್ಲಿ ಸ್ವಂತ ಮೆಷಿನ್ ಕೊಂಡಿದ್ದೀರಿ. ಕೆಲವರ ಮನೆಗೆ ಯಾರೋ ಬಳಸಿ ಬಿಟ್ಟ ಹಳೆಯ ಮೆಷಿನ್ ಬಂದಿದೆ.

ಒಂದು ದಿನ ಮೆಷಿನ್ ನಿಲ್ಲುತ್ತೆ. ಮುಚ್ಚಳ ತೆಗೆದರೆ ಬಟ್ಟೆಯಿಂದ ನೀರು ಸುರೀತಾ ಇರುತ್ತೆ. ಆಗ ಏನಾಗುತ್ತೆ? ಕೆಲಸದ ಮನೆಯಲ್ಲಾದರೆ "ನೀನು ಏನು ಮಾಡಿದೆ? ಕೆಡಿಸಿಬಿಟ್ಟೆಯಲ್ಲ" ಅನ್ನುವ ಮಾತು ಬರುತ್ತೆ. ಸಂಬಳದಲ್ಲಿ ಹಿಡಿದುಕೊಂಡರೆ ಏನು ಗತಿ ಅನ್ನುವ ಭಯ ಬರುತ್ತೆ. ಸ್ವಂತ ಮೆಷಿನ್ ಆದರೆ ರಿಪೇರಿಯ ಖರ್ಚು ನಮ್ಮ ತಲೆಗೇ ಬರುತ್ತೆ.

ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಬಟ್ಟೆ ತೊಪ್ಪೆಯಾಗಿ ಬಂದ ಮಾತ್ರಕ್ಕೆ ಮೆಷಿನ್ ಕೆಟ್ಟಿದೆ ಅಂತ ಅರ್ಥವಲ್ಲ. ಬಹಳ ಸಲ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ. ಇಲ್ಲವೇ ತೊಟ್ಟಿ ಜೋರಾಗಿ ತಿರುಗಿರುವುದಿಲ್ಲ. ಈ ಎರಡರಲ್ಲಿ ಯಾವುದು ಅಂತ ತಿಳಿಯೋದು ನಮ್ಮ ಕೈಲೇ ಇದೆ.

ಮೆಷಿನ್ ಹೇಗೆ ಹಿಂಡುತ್ತೆ?

ನಾವು ಸೀರೆ ಹಿಂಡುವಾಗ ಏನು ಮಾಡುತ್ತೇವೆ? ಒಬ್ಬರು ಒಂದು ತುದಿ ಹಿಡಿಯುತ್ತೇವೆ. ಇನ್ನೊಬ್ಬರು ಮತ್ತೊಂದು ತುದಿ ಹಿಡಿದು ತಿರುಚುತ್ತೇವೆ. ಮೆಷಿನ್ನಿಗೆ ತಿರುಚಲು ಕೈಯಿಲ್ಲ. ಅದರ ದಾರಿ ಬೇರೆ.

ಮಳೆಯಲ್ಲಿ ನೆನೆದ ಛತ್ರಿಯನ್ನು ಗಿರಗಿರ ತಿರುಗಿಸಿ ನೋಡಿದ್ದೀರಾ? ಅಂಚಿನಿಂದ ನೀರಿನ ಹನಿ ಸುತ್ತಲೂ ಹಾರುತ್ತೆ. ಮಕ್ಕಳಿಗೆ ಅದೊಂದು ಆಟ. ಮೆಷಿನ್ ಮಾಡೋದೂ ಅದನ್ನೇ. ಅದರೊಳಗೆ ಒಂದು ತೊಟ್ಟಿ ಇದೆ. ತೊಟ್ಟಿಯ ಸುತ್ತ ಸಣ್ಣ ಸಣ್ಣ ತೂತು ಇವೆ. ತೊಟ್ಟಿ ಜೋರಾಗಿ ತಿರುಗಿದಾಗ ಬಟ್ಟೆ ಗೋಡೆಗೆ ಅಂಟಿಕೊಳ್ಳುತ್ತೆ. ನೀರು ತೂತಿನಿಂದ ಆಚೆ ಹಾರುತ್ತೆ. ಆಮೇಲೆ ಪೈಪಿನಲ್ಲಿ ಬಚ್ಚಲಿಗೆ ಹೋಗುತ್ತೆ. ಈ ಕೆಲಸಕ್ಕೆ ಮೆಷಿನ್ನಿನ ಮೇಲೆ 'ಸ್ಪಿನ್' ಅಂತ ಬರೆದಿರುತ್ತಾರೆ.

ಎಷ್ಟು ಜೋರು? ಮೇಲೆ ಮುಚ್ಚಳ ಇರುವ ಮೆಷಿನ್ನಿನಲ್ಲಿ ನಿಮಿಷಕ್ಕೆ ಸುಮಾರು 700 ಸುತ್ತು. ಲೆಕ್ಕ ಹಾಕಿ. ಒಂದು ನಿಮಿಷಕ್ಕೆ 60 ಸೆಕೆಂಡು. 700ನ್ನು 60ರಿಂದ ಭಾಗಿಸಿ. ಒಂದು ಸೆಕೆಂಡಿಗೆ 11ಕ್ಕೂ ಹೆಚ್ಚು ಸುತ್ತು. ಮುಂದೆ ಬಾಗಿಲು ಇರುವ ಮೆಷಿನ್ ಇನ್ನೂ ಜೋರು. ಸಾಮಾನ್ಯವಾಗಿ ನಿಮಿಷಕ್ಕೆ 1000ದಿಂದ 1400 ಸುತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ತೊಟ್ಟಿ ತಿರುಗಬೇಕು, ನೀರೂ ಹೊರಗೆ ಹೋಗಬೇಕು. ನೀರು ಒಳಗೇ ನಿಂತರೆ ತೊಟ್ಟಿಗೆ ಭಾರ. ಜೋರಾಗಿ ತಿರುಗಲು ಆಗೋದಿಲ್ಲ. ಎಷ್ಟೋ ಮೆಷಿನ್ನುಗಳು ನೀರು ಖಾಲಿಯಾಗುವ ತನಕ ಸ್ಪಿನ್ ಶುರು ಮಾಡುವುದೇ ಇಲ್ಲ.

ಇನ್ನೊಂದು ಮಾತು. ಹಿಂಡುವ ತೊಟ್ಟಿಗೆ ನಾವು 'ಡ್ರೈಯರ್' ಅನ್ನುತ್ತೇವೆ. ಹೆಸರು ಹಾಗಿದ್ದರೂ ಅದು ಬಟ್ಟೆಯನ್ನು ಪೂರ್ತಿ ಒಣಗಿಸೋದಿಲ್ಲ, ಹಿಂಡುತ್ತೆ ಅಷ್ಟೆ. ಒಣಗಿದಾಗ 1 ಕೆ.ಜಿ. ಇದ್ದ ಹತ್ತಿ ಬಟ್ಟೆ ಚೆನ್ನಾಗಿ ಸ್ಪಿನ್ ಆದ ಮೇಲೂ ಸುಮಾರು ಒಂದೂವರೆ ಕೆ.ಜಿ. ತೂಗಬಹುದು. ಅಂದರೆ ಬಟ್ಟೆ ತೇವವಾಗಿ ಬರೋದು ಸಹಜ. ಕೈಯಿಂದ ಹಿಂಡಿದರೆ ನೀರು ಧಾರೆಯಾಗಿ ಸುರಿದರೆ ಮಾತ್ರ ಏನೋ ತೊಂದರೆ ಇದೆ ಅಂತ ತಿಳಿಯಿರಿ.

ನಿಮ್ಮ ಮೆಷಿನ್ ಯಾವ ಬಗೆ?

ಮೈಸೂರಿನ ಮನೆಗಳಲ್ಲಿ ಮೂರು ಬಗೆ ಮೆಷಿನ್ ಕಾಣುತ್ತೇವೆ.

ಮೊದಲನೆಯದಕ್ಕೆ ಎರಡು ತೊಟ್ಟಿ. ಒಂದು ಒಗೆಯಲು, ಒಂದು ಹಿಂಡಲು. ಬಟ್ಟೆಯನ್ನು ನಾವೇ ಇದರಿಂದ ಅದಕ್ಕೆ ಹಾಕಬೇಕು. ಇದು ಸೆಮಿ ಆಟೋಮ್ಯಾಟಿಕ್.

ಎರಡನೆಯದಕ್ಕೆ ಒಂದೇ ತೊಟ್ಟಿ, ಮೇಲೆ ಮುಚ್ಚಳ. ಇದು ಟಾಪ್ ಲೋಡ್.

ಮೂರನೆಯದಕ್ಕೆ ಮುಂದೆ ಗಾಜಿನ ದುಂಡು ಬಾಗಿಲು. ಇದು ಫ್ರಂಟ್ ಲೋಡ್.

ಬಗೆ ಯಾಕೆ ತಿಳಿಯಬೇಕು? ಪೈಪು ಎಲ್ಲಿರಬೇಕು, ಕಸ ಎಲ್ಲಿ ಕಟ್ಟಿಕೊಳ್ಳುತ್ತೆ ಅನ್ನೋದು ಬಗೆಯಿಂದ ಬಗೆಗೆ ಬೇರೆ.

ಮೊದಲು ಕರೆಂಟು

ಮೆಷಿನ್ನಿನಲ್ಲಿ ನೀರೂ ಇದೆ, ಕರೆಂಟೂ ಇದೆ. ಇವೆರಡೂ ಒಟ್ಟಿಗೆ ಸೇರಿದರೆ ಜೀವಕ್ಕೆ ಅಪಾಯ. ಆದ್ದರಿಂದ ಏನನ್ನು ನೋಡುವ ಮೊದಲೂ ಗೋಡೆಯ ಸ್ವಿಚ್ ಆರಿಸಿ. ಆಮೇಲೆ ಒಣ ಕೈಯಿಂದ ಪ್ಲಗ್ ಕಿತ್ತು ಪಕ್ಕಕ್ಕೆ ಇಡಿ. ಕಾಲಿಗೆ ಚಪ್ಪಲಿ ಇರಲಿ. ಪ್ಲಗ್ಗಿಗೆ ಮೂರು ಪಿನ್ ಇರಬೇಕು. ದಪ್ಪ ಪಿನ್ ಅರ್ಥಿಂಗಿನದು. ಅದನ್ನು ಮುರಿದು ಎರಡು ಪಿನ್ನಿನಲ್ಲಿ ಮೆಷಿನ್ ಓಡಿಸಲೇಬೇಡಿ.

ಮೆಷಿನ್ ಮುಟ್ಟಿದಾಗ ಕೈಗೆ ಜುಮ್ ಅಂದರೆ ಅದನ್ನು ಸಣ್ಣ ವಿಷಯ ಅನ್ನಬೇಡಿ. ಮೆಷಿನ್ನನ್ನು ಮತ್ತೆ ಮುಟ್ಟಬೇಡಿ. ಮನೆಯ ಮೇನ್ ಸ್ವಿಚ್ ಆರಿಸಿ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಬಳಸಬೇಡಿ. ಕೆಲಸದ ಮನೆಯಾದರೂ ಇದನ್ನು ಬಾಯಿಬಿಟ್ಟು ಹೇಳಿ. "ಅಮ್ಮಾ, ಮೆಷಿನ್ ಶಾಕ್ ಹೊಡೀತಾ ಇದೆ. ಸರಿ ಮಾಡಿಸೋ ತನಕ ಕೈಯಲ್ಲೇ ಒಗೀತೀನಿ" ಅನ್ನಿ. ಹೀಗೆ ಹೇಳೋದು ಉದ್ಧಟತನ ಅಲ್ಲ.

ಒಂದೊಂದಾಗಿ ಐದು ಕಡೆ ನೋಡೋಣ

ಮೊದಲನೆಯದು, ಗುಂಡಿಯ ಮೇಲಿನ ಅಕ್ಷರ. ಮೆಷಿನ್ನಿನ ಮೇಲೆ ಇಂಗ್ಲಿಷ್ ಪದಗಳು ಇರುತ್ತವೆ. ನಾಲ್ಕು ಪದ ಕಲಿತರೆ ಸಾಕು. 'ವಾಶ್' ಅಂದರೆ ಒಗೆ. 'ರಿನ್ಸ್' ಅಂದರೆ ಜಾಲಿಸು. 'ಡ್ರೈನ್' ಅಂದರೆ ನೀರು ಬಿಡು. 'ಸ್ಪಿನ್' ಅಂದರೆ ತಿರುಗಿಸಿ ಹಿಂಡು. ಯಾರಾದರೂ ಸ್ಪಿನ್ ಇಲ್ಲದೆ ನಿಲ್ಲುವಂತೆ ಗುಂಡಿ ಒತ್ತಿದ್ದರೆ ಬಟ್ಟೆ ನೀರಿನಲ್ಲೇ ಕೂತಿರುತ್ತೆ. ನಾಜೂಕು ಬಟ್ಟೆಯ ಗುಂಡಿ ಒತ್ತಿದ್ದರೆ ಮೆಷಿನ್ ಮೆಲ್ಲಗೆ ತಿರುಗುತ್ತೆ. ಆಗಲೂ ಬಟ್ಟೆ ಹೆಚ್ಚು ಒದ್ದೆ. ಮತ್ತೆ 'ಸ್ಪಿನ್' ಒತ್ತಿ ನೋಡಿ. ಮುಚ್ಚಳ ಸರಿಯಾಗಿ ಕೂತಿದೆಯಾ ಅದನ್ನೂ ನೋಡಿ. ಮುಚ್ಚಳ ಬಿಗಿಯಾಗಿ ಮುಚ್ಚದಿದ್ದರೆ ತೊಟ್ಟಿ ತಿರುಗೋದಿಲ್ಲ. ಇದು ನಮ್ಮ ಕೈ ಉಳಿಸಲು ಮಾಡಿದ ಏರ್ಪಾಡು.

ಎರಡನೆಯದು, ನೀರು ಹೋಗುವ ಪೈಪು. ಗುಡಿಸುವಾಗ, ಒರೆಸುವಾಗ ಮೆಷಿನ್ ಸ್ವಲ್ಪ ಹಿಂದೆ ಸರಿಯುತ್ತೆ. ಪೈಪು ಗೋಡೆಗೆ ಸಿಕ್ಕಿ ಮಡಚಿಕೊಳ್ಳುತ್ತೆ. ಮಡಚಿದ ಪೈಪಿನಲ್ಲಿ ನೀರು ಹರಿಯೋದಿಲ್ಲ. ಬಿಡಿಸಿ ನೇರ ಮಾಡಿ. ಎರಡು ತೊಟ್ಟಿಯ ಮೆಷಿನ್ನಿನಲ್ಲಿ ಸಾಮಾನ್ಯವಾಗಿ ನೀರು ತಾನಾಗಿ ಇಳಿದು ಹೋಗಬೇಕು. ಹಾಗಾಗಿ ಅದರ ಪೈಪು ನೆಲದ ಮೇಲೆ ಮಲಗಿರಬೇಕು. ಬಕೆಟ್ಟಿನ ಅಂಚಿಗೆ ಎತ್ತಿ ಸಿಕ್ಕಿಸಿದರೆ ನೀರು ಏರೋದಿಲ್ಲ. ಮುಂದೆ ಬಾಗಿಲಿನ ಮೆಷಿನ್ನಿನಲ್ಲಿ ಇದು ತಿರುವುಮುರುವು. ಅದರೊಳಗೆ ನೀರೆತ್ತುವ ಸಣ್ಣ ಪಂಪು ಇದೆ. ಅದರ ಪೈಪಿನ ತುದಿ ಸಾಮಾನ್ಯವಾಗಿ ನೆಲದಿಂದ 2 ಅಡಿಯಿಂದ 3 ಅಡಿ ಎತ್ತರದಲ್ಲಿ ಇರಬೇಕು. ನೆಲಕ್ಕೆ ಬಿಟ್ಟರೆ ತುಂಬಿಸಿದ ನೀರೆಲ್ಲ ಒಗೆಯುವ ಮೊದಲೇ ಹರಿದು ಹೋಗುತ್ತೆ. ಟಾಪ್ ಲೋಡಿನಲ್ಲಿ ಪಂಪು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ಮೆಷಿನ್ ಜೊತೆ ಬಂದ ಪುಸ್ತಕದ ಚಿತ್ರ ನೋಡಿ ತಿಳಿಯಿರಿ.

ಮೂರನೆಯದು, ಬಟ್ಟೆಯ ಭಾರ. ಎರಡು ಕೊಡ ಹೊತ್ತವರು ನೇರ ನಡೆಯುತ್ತಾರೆ. ಒಂದೇ ಕಡೆ ಒಂದು ಕೊಡ ಹಿಡಿದರೆ ಮೈ ವಾಲುತ್ತೆ. ತೊಟ್ಟಿಗೂ ಹಾಗೇ. ಒಂದು ದಪ್ಪ ರಗ್ಗನ್ನೋ ಜಮಖಾನವನ್ನೋ ಒಂಟಿಯಾಗಿ ಹಾಕಿದರೆ ಅದು ನೀರು ಕುಡಿದು ಒಂದೇ ಪಕ್ಕ ಕೂರುತ್ತೆ. ತೊಟ್ಟಿ ವಾಲುತ್ತೆ. ಮೆಷಿನ್ ದಡದಡ ಬಡಿದುಕೊಂಡು ನಿಲ್ಲುತ್ತೆ. ಎಷ್ಟೋ ಮೆಷಿನ್ನುಗಳು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಬಟ್ಟೆ ಬಿಡಿಸಿ ಸುತ್ತಲೂ ಸಮನಾಗಿ ಹರಡಿ. ಒಂಟಿ ಬಟ್ಟೆ ಇದ್ದರೆ ಜೊತೆಗೆ ಎರಡು ಟವೆಲ್ ಹಾಕಿ. ತೊಟ್ಟಿ ತುಂಬಾ ತುರುಕಿದ್ದರೆ ಅರ್ಧ ತೆಗೆದು ಎರಡು ಸಲ ಹಿಂಡಿ. ಮೆಷಿನ್ ನಿಂತ ಜಾಗವನ್ನೂ ನೋಡಿ. ಬಚ್ಚಲಿನ ನೆಲ ನೀರು ಹರಿಯಲಿ ಅಂತ ಇಳಿಜಾರಾಗಿರುತ್ತೆ. ಅಲ್ಲಿ ಮೆಷಿನ್ ಇಟ್ಟರೆ ನಾಲ್ಕು ಕಾಲೂ ಸಮ ಊರೋದಿಲ್ಲ. ಕಾಲಿನ ತಿರುಪು ತಿರುಗಿಸಿ ಎತ್ತರ ಸರಿ ಮಾಡಬೇಕು.

ಎರಡು ತೊಟ್ಟಿಯ ಮೆಷಿನ್ನಿನಲ್ಲಿ ಇನ್ನೊಂದು ಮಾತು. ಹಿಂಡುವ ತೊಟ್ಟಿಯಲ್ಲಿ ಬಟ್ಟೆ ಒತ್ತಿ, ಮೇಲೆ ಪ್ಲಾಸ್ಟಿಕ್ ಬಿಲ್ಲೆ ಇಡಬೇಕು. ಬಿಲ್ಲೆ ಇಡದಿದ್ದರೆ ಕರ್ಚೀಫು, ಕಾಲುಚೀಲ ಹಾರಿ ತೊಟ್ಟಿಯ ಸಂದಿಗೆ ಬೀಳುತ್ತೆ. ತೊಟ್ಟಿ ಕಚ್ಚಿಕೊಂಡು ನಿಲ್ಲುತ್ತೆ.

ನಾಲ್ಕನೆಯದು, ನೊರೆ. ಸೋಪಿನ ಪುಡಿ ಹೆಚ್ಚು ಹಾಕಿದರೆ ಬಟ್ಟೆ ಹೆಚ್ಚು ಬೆಳ್ಳಗಾಗುತ್ತೆ ಅಂತ ತಿಳಿದಿದ್ದೇವೆ. ಹಾಗಲ್ಲ. ನೊರೆ ತುಂಬಿದರೆ ತೊಟ್ಟಿ ಜೋರಾಗಿ ತಿರುಗಲಾರದು. ಪಂಪಿಗೂ ನೊರೆ ಎಳೆದು ಹಾಕೋದು ಕಷ್ಟ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೊರೆ ಕಡಿಮೆ. ಕಾವೇರಿ, ಕಬಿನಿಯ ನಲ್ಲಿ ನೀರು ಬಂದ ದಿನ ಅದೇ ಅಳತೆ ಹಾಕಿದರೆ ನೊರೆ ಉಕ್ಕಬಹುದು. ಆದ್ದರಿಂದ ಅಳತೆಯ ಚಮಚ ಇಟ್ಟುಕೊಳ್ಳಿ. ಮುಂದೆ ಬಾಗಿಲಿನ ಮೆಷಿನ್ನಿಗೆ ಕಡಿಮೆ ನೊರೆಯ ಪುಡಿ ಬೇರೆಯೇ ಸಿಗುತ್ತೆ. ಪೊಟ್ಟಣದ ಮೇಲೆ ಓದಿ ಕೊಳ್ಳಿ. ನೊರೆ ತುಂಬಿದ್ದರೆ ಪುಡಿ ಹಾಕದೆ ಬರೀ ನೀರಲ್ಲಿ ಒಂದು ಸಲ ಜಾಲಿಸಿ, ಆಮೇಲೆ ಸ್ಪಿನ್ ಮಾಡಿ.

ಐದನೆಯದು, ಕಸ ಕಟ್ಟುವ ಜಾಲರಿ. ಇದು ಮುಖ್ಯವಾಗಿ ಮುಂದೆ ಬಾಗಿಲಿನ ಮೆಷಿನ್ನಿಗೆ ಸೇರಿದ್ದು. ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಬಾಗಿಲು ಇದೆ. ಅದರ ಹಿಂದೆ ತಿರುಪಿನ ಮುಚ್ಚಳ. ಜೇಬಿನ ಚಿಲ್ಲರೆ, ರವಿಕೆಯ ಹುಕ್ಕು, ಪಿನ್ನು, ಗುಂಡಿ, ಕೂದಲು, ದಾರ ಎಲ್ಲ ಬಂದು ಅಲ್ಲಿ ಸೇರುತ್ತೆ. ಅದು ಕಟ್ಟಿಕೊಂಡರೆ ಪಂಪು ನೀರು ತಳ್ಳಲಾರದು. ಪ್ಲಗ್ ಕಿತ್ತಿದ್ದೀರಿ ತಾನೇ? ಬಿಸಿನೀರಲ್ಲಿ ಒಗೆದಿದ್ದರೆ ಆರಲು ಬಿಡಿ. ಕೆಳಗೆ ಅಗಲವಾದ ತಟ್ಟೆ, ಹಳೆ ಬಟ್ಟೆ ಇಡಿ. ಮುಚ್ಚಳವನ್ನು ಎಡಕ್ಕೆ ನಿಧಾನವಾಗಿ ತಿರುಗಿಸಿ. ನೀರು ಬರುತ್ತೆ, ಹೆದರಬೇಡಿ. ಕಸ ತೆಗೆದು, ತೊಳೆದು, ಮತ್ತೆ ಬಿಗಿಯಾಗಿ ಹಾಕಿ. ಸಡಿಲವಾಗಿ ಹಾಕಿದರೆ ಅಡುಗೆಮನೆ ತುಂಬ ನೀರು.

ಇದೆಲ್ಲಕ್ಕೂ ಮೊದಲು ಒಂದು ಸುಲಭದ ಅಭ್ಯಾಸ ಇದೆ. ಬಟ್ಟೆ ಹಾಕುವ ಮುಂಚೆ ಜೇಬು ನೋಡಿ.

ಒಂದು ಉದಾಹರಣೆ

ಒಂದು ಮನೆ ಅಂದುಕೊಳ್ಳಿ. ಕೆಲಸದ ಅಕ್ಕ ಮೆಷಿನ್ ಬಾಗಿಲು ತೆಗೆದಳು. ಬಟ್ಟೆಯಿಂದ ನೀರು ಸುರೀತಾ ಇತ್ತು.

"ಏನಮ್ಮ ಇದು? ನಿನ್ನೆ ಸರಿಯಿತ್ತಲ್ಲ" ಅಂದರು ಮನೆಯವರು.

"ಸ್ವಲ್ಪ ತಾಳಿ ಅಮ್ಮಾ, ನೋಡ್ತೀನಿ" ಅಂದಳು ಅಕ್ಕ.

ಅವಳು ಗಾಬರಿಯಾಗಲಿಲ್ಲ. ಸ್ವಿಚ್ ಆರಿಸಿದಳು, ಪ್ಲಗ್ ಕಿತ್ತಳು. ಒಳಗೆ ನೀರು ನಿಂತಿದೆಯಾ ನೋಡಿದಳು. ನಿಂತಿರಲಿಲ್ಲ. ಹಾಗಾದರೆ ಪೈಪು, ಪಂಪು ಸರಿ ಇರಬೇಕು. ನೊರೆಯೂ ಇರಲಿಲ್ಲ. ತೊಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ದಪ್ಪ ರಗ್ಗು.

"ಅಮ್ಮಾ, ನೀರೆಲ್ಲ ಹೋಗಿದೆ. ರಗ್ಗು ಒಂದೇ ಪಕ್ಕ ಕೂತುಬಿಟ್ಟಿದೆ. ತಿರುಗೋಕೆ ಆಗಿಲ್ಲ. ಎರಡು ಟವೆಲ್ ಹಾಕಿ ಮತ್ತೆ ಸ್ಪಿನ್ ಕೊಡ್ತೀನಿ."

ಈ ಅಕ್ಕ ಮೆಕ್ಯಾನಿಕ್ಕಿನ ಕೆಲಸ ಕಲಿತವಳಲ್ಲ. ಒಂದು ಪ್ರಶ್ನೆ ಕೇಳಿಕೊಂಡಳು, ಅಷ್ಟೆ. ಒಳಗೆ ನೀರು ನಿಂತಿದೆಯಾ, ಇಲ್ಲವಾ? ನಿಂತಿದ್ದರೆ ಪೈಪು, ಜಾಲರಿ ನೋಡಬೇಕು. ನಿಂತಿಲ್ಲದಿದ್ದರೆ ಭಾರ, ಮುಚ್ಚಳ, ಗುಂಡಿ ನೋಡಬೇಕು. ಈ ಒಂದು ಪ್ರಶ್ನೆ ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. "ನೀನು ಕೆಡಿಸಿದೆ" ಅನ್ನುವ ಮಾತಿಗೂ ಉತ್ತರ ಸಿಗುತ್ತೆ.

ಎಲ್ಲಿ ನಿಲ್ಲಿಸಬೇಕು?

ನಾವು ಮಾಡಬಾರದ ಕೆಲಸವೂ ಇದೆ. ಮೆಷಿನ್ನಿನ ಹಿಂಬದಿಯ ತಗಡು ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಅನ್ನುವ ಭಾಗದಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರಬಹುದು. ಅದು ಕಲಿತವರ ಕೆಲಸ.

ಮೋಟಾರು ಗುಂಯ್ ಅನ್ನುತ್ತೆ, ತೊಟ್ಟಿ ತಿರುಗೋದಿಲ್ಲ. ಸುಟ್ಟ ವಾಸನೆ ಬರುತ್ತೆ. ಕೆಳಗೆ ನೀರು ಸೋರುತ್ತೆ. ಮುಚ್ಚಳ ತೆಗೆದ ಮೇಲೂ ಹಿಂಡುವ ತೊಟ್ಟಿ ನಿಲ್ಲದೆ ತಿರುಗುತ್ತಲೇ ಇರುತ್ತೆ. ಇಂಥ ಯಾವುದೇ ಕಂಡರೆ ಮೆಷಿನ್ ಆರಿಸಿ ಮೆಕ್ಯಾನಿಕ್ಕನ್ನು ಕರೆಸಿ. ತಿರುಗುವ ತೊಟ್ಟಿಗೆ ಎಂದೂ ಕೈ ಹಾಕಬೇಡಿ. ಬಟ್ಟೆ ಬೆರಳಿಗೆ ಸುತ್ತಿಕೊಂಡರೆ ಬೆರಳೇ ಹೋಗಬಹುದು. ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೆಕ್ಯಾನಿಕ್ ಬಂದಾಗ

ಇಲ್ಲಿ ನಮ್ಮ ಓದು ಬರಹ ಕೆಲಸಕ್ಕೆ ಬರುತ್ತೆ. ಕೆಲವು ಮೆಷಿನ್ನು ನಿಂತಾಗ ಅದರ ಪುಟ್ಟ ಗಾಜಿನ ಮೇಲೆ ಎರಡು ಮೂರು ಅಕ್ಷರ, ಅಂಕಿ ಕಾಣುತ್ತವೆ. ಒಂದೊಂದು ಕಂಪನಿಯದು ಒಂದೊಂದು ಥರ. ಅರ್ಥ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕಂಡದ್ದನ್ನು ಕಂಡ ಹಾಗೆ ಚೀಟಿಯಲ್ಲಿ ಬರೆದಿಡಿ. ಮೆಷಿನ್ನಿನ ಮೇಲೆ ಅಂಟಿಸಿದ ಮಾಡೆಲ್ ನಂಬರನ್ನೂ ಬರೆಯಿರಿ. ಯಾವಾಗ ನಿಂತಿತು, ನೀರು ಒಳಗಿತ್ತೋ ಇಲ್ಲವೋ, ಏನು ಸದ್ದು ಬಂತು, ಎಲ್ಲ ಬರೆಯಿರಿ. ಈ ಚೀಟಿ ನೋಡಿದರೆ ಮೆಕ್ಯಾನಿಕ್ಕಿಗೂ ಕೆಲಸ ಹಗುರ.

ಕೆಲಸ ಶುರು ಮಾಡುವ ಮೊದಲೇ ಕೇಳಿ. ಬಂದು ನೋಡಿದ್ದಕ್ಕೆ ಎಷ್ಟು? ಸಾಮಾನಿಗೆ ಎಷ್ಟು? ಕೂಲಿ ಎಷ್ಟು? ಹೊಸ ಭಾಗ ಹಾಕಿದರೆ ಹಳೆಯದನ್ನು ವಾಪಸು ಕೊಡಿ ಅನ್ನಿ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. ವಾರಂಟಿ ಕಾರ್ಡು ಇದ್ದರೆ ತಾರೀಕು ಓದಿ. ಅವಧಿ ಮುಗಿದಿರದಿದ್ದರೆ ಕಾರ್ಡಿನಲ್ಲಿ ಹೇಳಿದ ಭಾಗಗಳ ರಿಪೇರಿ ಕಂಪನಿಯ ಹೊಣೆ.

ಮೋಸವಾಯಿತು ಅನಿಸಿದರೆ ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಅಂತ ಒಂದು ಕಾನೂನಿದೆ. ಅದು 2020ರ ಜುಲೈಯಲ್ಲಿ ಜಾರಿಗೆ ಬಂತು. ಅದರಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಮೈಸೂರಿನಲ್ಲೂ ಈ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ರಸೀದಿ ಇರಬೇಕು.

ಒಣಗಾಕುವಾಗ ಎಚ್ಚರ

ಮೆಷಿನ್ ಸರಿಯಾಗುವ ತನಕ ಬಟ್ಟೆಯಿಂದ ನೀರು ಸುರಿಯುತ್ತಲೇ ಇರುತ್ತೆ. ಆಷಾಢದ ಗಾಳಿಯಲ್ಲಾದರೆ ಬೇಗ ಒಣಗೀತು. ಜಡಿಮಳೆಯಲ್ಲಿ ಎರಡು ದಿನವಾದರೂ ಮುಗ್ಗಲು ವಾಸನೆ. ಅವಸರಕ್ಕೆ ಬಿದ್ದು ಕಂಡ ಕಂಡ ತಂತಿಗೆ ಹಾಕಬೇಡಿ. ಕಬ್ಬಿಣದ ತಂತಿಗೆ ಎಲ್ಲೋ ಒಂದು ಕಡೆ ಕರೆಂಟಿನ ವೈರು ತಗುಲಿದ್ದರೆ, ಒದ್ದೆ ಬಟ್ಟೆ ಹಿಡಿದ ಕೈಗೆ ಶಾಕ್ ಹೊಡೆಯುತ್ತೆ. ಹೀಗೆ ಬಟ್ಟೆ ಒಣಗಾಕಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಪ್ಲಾಸ್ಟಿಕ್ ಹಗ್ಗ ಕಟ್ಟಿ. ಕಂಬದಿಂದ ಮನೆಗೆ ಬರುವ ವೈರಿನಿಂದ ದೂರ ಕಟ್ಟಿ. ವೈರು ಜೋತು ಬಿದ್ದಿದ್ದರೆ ಮುಟ್ಟದೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ತಿಳಿಸಿ. ನಂಬರು 1912.

ಕೊನೆಯ ಮಾತು

ಬಟ್ಟೆ ಒಗೆಯೋದು ಕೀಳು ಕೆಲಸ ಅಂತ ಯಾರೂ ತಿಳಿಯಬೇಡಿ. 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಕಾಯಕವೇ ಅದು. ಅಂದು ಕಲ್ಲು, ಇಂದು ಮೆಷಿನ್. ಕೆಲಸದ ಮರ್ಯಾದೆ ಅದೇ. ಮೆಷಿನ್ ಬಂತು ಅಂತ ನಮ್ಮ ತಿಳಿವಳಿಕೆಗೆ ರಜೆ ಕೊಡುವ ಹಾಗಿಲ್ಲ. ಕಲ್ಲಿನ ಮೇಲೆ ಒಗೆಯುವಾಗ ಯಾವ ಬಟ್ಟೆಗೆ ಎಷ್ಟು ಏಟು ಅಂತ ತಿಳಿದಿದ್ದ ಕೈಗೆ, ಈ ನಾಲ್ಕು ಪದ, ಐದು ಜಾಗ ತಿಳಿಯೋದು ಕಷ್ಟವಲ್ಲ.

ಬನ್ನಿ, ಈಗ ಪಟ್ಟಿ ತೆಗೆಯಿರಿ. ಒಂದು ಪುಟದಲ್ಲಿ ಬರೆದುಕೊಳ್ಳೋಣ.

ಸ್ವಿಚ್ ಆರಿಸು, ಪ್ಲಗ್ ಕೀಳು.
ನೀರು ನಿಂತಿದೆಯಾ ನೋಡು.
ಗುಂಡಿ ನೋಡು, ಮುಚ್ಚಳ ನೋಡು.
ಪೈಪು ನೋಡು.
ಭಾರ ಸಮ ಮಾಡು.
ನೊರೆ ತೆಗೆ.
ಜಾಲರಿ ತೊಳೆ.
ಆಗದಿದ್ದರೆ ಬರೆದಿಡು, ಮೆಕ್ಯಾನಿಕ್ಕನ್ನು ಕರೆ.
ರಸೀದಿ ಕೇಳು.

ಈ ಪುಟವನ್ನು ಹರಿದು ಮೆಷಿನ್ನಿನ ಪಕ್ಕದ ಗೋಡೆಗೆ ಅಂಟಿಸಿ. ಪಕ್ಕದ ಮನೆಯ ಅಕ್ಕನಿಗೂ ಓದಿ ಹೇಳಿ. ಅವರಿಗೆ ಇನ್ನೂ ಓದಲು ಬರದಿದ್ದರೆ, ನಾಳೆ ಸಂಜೆ ನಿಮ್ಮ ಜೊತೆಯಲ್ಲೇ ತರಗತಿಗೆ ಕರೆದುಕೊಂಡು ಬನ್ನಿ.